ತುಟಿ ಮಾತ್ರ ಆಡಿಸಿ

ಖಾಲಿ ಕಾಲಂ ಕಂಡರೆ ಗುಮಾಸ್ತನ ಕೈ ಸುಮ್ಮನಿರುವುದಿಲ್ಲ. ಇದೊಂದು ರೋಗವೆಂದು ನಾನು ಒಪ್ಪುತ್ತೇನೆ. ಆದರೆ ರೋಗ ನನಗೆ, ನರಳಾಟ ಇಪ್ಪತ್ತೆರಡು ಮಂದಿಗೆ ಆದೀತೆಂದು ಆ ದಿನ ಯಾರು ಬಲ್ಲರು?

ನಮ್ಮ ನೀರು ಸರಬರಾಜು ಕಚೇರಿಗೆ ಸಿಬ್ಬಂದಿಯ ವಿವರ ತುಂಬುವ ಒಂದು ನಮೂನೆ ಬಂತು. ಹುಟ್ಟಿದ ದಿನ, ಸೇವೆಗೆ ಸೇರಿದ ದಿನ, ರಕ್ತದ ಗುಂಪು, ಎಲ್ಲ ಬರೆದೆ. ಕೊನೆಯಲ್ಲಿ ‘ಹವ್ಯಾಸ’ ಎಂಬ ಕಾಲಂ, ಕಾಗದದ ಈ ತುದಿಯಿಂದ ಆ ತುದಿಯವರೆಗೆ. ಪಕ್ಕದ ಮೇಜಿನ ಟೈಪಿಸ್ಟ್ ಅಮ್ಮನವರು ‘ಓದುವುದು’ ಎಂದು ಬರೆದಿದ್ದರು. ಆಕೆ ಓದಿದ್ದನ್ನು ಹದಿನೈದು ವರ್ಷದಲ್ಲಿ ನಾನು ಕಂಡಿಲ್ಲ. ತಾವು ಟೈಪು ಮಾಡಿದ್ದನ್ನೇ ಆಕೆ ಓದುವುದಿಲ್ಲ. ಅವರಿಗಿಂತ ನಾನೇನು ಕಡಿಮೆ ಎಂದುಕೊಂಡು ‘ಸಂಗೀತ’ ಎಂದು ಬರೆದೆ. ಗಡ್ಡ ಬೋಳಿಸುವಾಗ ರೇಡಿಯೋ ಹಾಕುವವನು ನಾನು, ಅಷ್ಟರಮಟ್ಟಿಗೆ ಸುಳ್ಳಲ್ಲ. ಆದರೆ ಅಷ್ಟು ಬರೆದರೂ ಕಾಲಂ ಮುಕ್ಕಾಲು ಪಾಲು ಖಾಲಿ. ಹಾಗಾಗಿ ಮುಂದೆ ‘ವಿಶೇಷವಾಗಿ ವೃಂದಗಾನ ನಿರ್ದೇಶನ’ ಎಂದು ಸೇರಿಸಿದೆ. ಕಾಲಂ ತುಂಬಿತು. ನಾನೇ ಟಪಾಲು ಗುಮಾಸ್ತನಾದ್ದರಿಂದ ನಾನೇ ನಂಬರು ಕೊಟ್ಟು, ನಾನೇ ಅಂಟು ಹಚ್ಚಿ, ನನ್ನ ಗುಂಡಿಯನ್ನು ನಾನೇ ರವಾನೆ ಮಾಡಿದೆ.

ಮೂರು ತಿಂಗಳ ಮೇಲೆ ಆಡಳಿತಾಧಿಕಾರಿಗಳು ಕರೆದರು.

“ಬನ್ನಿ ಬನ್ನಿ! ಹದಿನೈದು ವರ್ಷ ಲಕೋಟೆ ಅಂಟಿಸ್ಕೊಂಡು ಕೂತಿದ್ರಲ್ರೀ, ಇಷ್ಟು ದೊಡ್ಡ ವಿದ್ಯೆ ಇದೆ ಅಂತ ಒಂದು ಮಾತು ಹೇಳಬಾರದಾ?”

“ಸಾರ್, ಅದು ಕಾಲಂ ಉದ್ದ ಇತ್ತು, ಅದಕ್ಕೆ...”

“ವಿನಯ ಬೇಡ. ನಿಜವಾದ ಕಲಾವಿದರೆಲ್ಲ ಹೀಗೇ ಆಡೋದು.”

ವಿಷಯ ಇಷ್ಟು. ಆರು ವಾರದಲ್ಲಿ ಹೊಸ ಶುದ್ಧೀಕರಣ ಘಟಕದ ಉದ್ಘಾಟನೆ. ನಿವೃತ್ತ ಮುಖ್ಯ ಇಂಜಿನಿಯರರು ಅತಿಥಿ. ಹಿಂದಿನ ವರ್ಷ ವಿದ್ಯುತ್ ಕಚೇರಿಯವರು ತಮ್ಮ ಸಮಾರಂಭದಲ್ಲಿ ಗುಂಪಾಗಿ ಹಾಡಿದ್ದರು. “ಗಂಟೆಗೊಂದು ಸಲ ನಿಂತುಹೋಗೋರು ಅವರೇ ಹಾಡ್ತಾರೆ ಅಂದ್ರೆ ನಮಗೇನ್ರೀ ಬಂದಿರೋದು?” ಎಂದರು ಸಾಹೇಬರು. ಆಮೇಲೆ ಕಿಟಕಿಯ ಕಡೆ ನೋಡುತ್ತ, “ಗುಡ್ಡದ ಮೇಲಿನ ತೊಟ್ಟಿಗೆ ಒಬ್ಬ ಗುಮಾಸ್ತ ಬೇಕು ಅಂತ ಕೇಳ್ತಾನೇ ಇದ್ದಾರೆ. ನೀವು ಮರ್ಯಾದೆ ಉಳಿಸಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ” ಎಂದರು. ಗುಡ್ಡದ ತೊಟ್ಟಿಗೆ ಬಸ್ಸಿಲ್ಲ. ಅಲ್ಲಿಗೆ ಹೋದವರು ವರ್ಷದೊಳಗೆ ನೀರಿನ ಜೊತೆ ಮಾತಾಡಲು ತೊಡಗುತ್ತಾರೆಂದು ಪ್ರತೀತಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಲೆ ಆರಿಸಿ, ಮಣೆ ಎಳೆದುಕೊಂಡು ಕೂತು ನಕ್ಕಳು.

“ರೀ, ಮಗಳು ಹಸುಗೂಸಾಗಿದ್ದಾಗ ನೀವು ಜೋಗುಳ ಹಾಡಿದ್ರೆ ನಿದ್ದೆ ಬಂದೋರ ಹಾಗೆ ನಟಿಸ್ತಿತ್ತು. ಒಂದು ವರ್ಷದ ಮಗು ಕಣ್ರೀ!”

“ಇದು ಹಾಡೋದಲ್ಲ, ಹಾಡಿಸೋದು.”

“ಹಾಡಿಸೋರಿಗೂ ಹಾಡು ಗೊತ್ತಿರಬೇಕಲ್ವಾ?”

“ನಮ್ಮ ಕಚೇರಿಯಲ್ಲಿ ನೀರು ಬಿಡಿಸೋರಿಗೆಲ್ಲ ನೀರಿನ ವಿಚಾರ ಗೊತ್ತಿದೆಯಾ?” ಎಂದೆ.

ಗ್ರಂಥಾಲಯದಿಂದ ವೃಂದಗಾನದ ಬಗ್ಗೆ ಒಂದು ತೆಳ್ಳನೆಯ ಪುಸ್ತಕ ತಂದೆ. ಬಲಗೈ ತಾಳಕ್ಕೆ, ಎಡಗೈ ಭಾವಕ್ಕೆ, ಕಣ್ಣು ಗಾಯಕರಿಗೆ ಎಂದು ಅದರಲ್ಲಿ ಬರೆದಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಬಲಗೈ ಸರಿಯಾಗಿ ತಾಳ ಹಾಕಿತು. ಎಡಗೈ ಭಾವ ಬಿಟ್ಟು ಬಲಗೈಯನ್ನೇ ಅನುಕರಿಸಿತು. ಬೈದು ಬೇರೆ ಮಾಡಿದರೆ ಎರಡೂ ನಿಂತುಬಿಡುತ್ತಿದ್ದವು. ಮೂರನೆಯ ದಿನ ಬಾಗಿಲು ದಬದಬ ಬಡಿದ ಸದ್ದು. ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ತರರು ಕೈಯಲ್ಲಿ ಕೊಡೆ ಹಿಡಿದು, ಹಿಂದೆ ಇಬ್ಬರು ನೆರೆಯವರನ್ನು ಕಟ್ಟಿಕೊಂಡು ಬಂದಿದ್ದರು.

“ಅಮ್ಮಾ, ಹೆದರಬೇಡಿ, ನಾವಿದ್ದೀವಿ!” ಎಂದರು ನನ್ನ ಹೆಂಡತಿಗೆ. “ಮೂರು ದಿನದಿಂದ ಕಿಟಕೀಲಿ ನೋಡ್ತಿದ್ದೀನಿ. ಈ ಮನುಷ್ಯ ಎರಡು ಕೈನೂ ಎತ್ತಿ ನಿಮ್ಮನ್ನ ಹೊಡಿಯೋಕೆ ಬರ್ತಿದ್ದಾರೆ.”

“ಹೊಡಿಯೋದಲ್ಲ ಮಾಸ್ತರೇ, ಸಂಗೀತ” ಎಂದಳು ಇವಳು.

ಮಾಸ್ತರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹೊಡೆದಿದ್ರೆ ಬುದ್ಧಿ ಹೇಳಬಹುದಿತ್ತು” ಎಂದು ಹೊರಟುಹೋದರು.

ಮೊದಲ ರಿಹರ್ಸಲ್ ದಾಖಲೆ ಕೋಣೆಯಲ್ಲಿ. ಇಪ್ಪತ್ತೊಂದು ಜನರನ್ನು ಸಾಹೇಬರೇ ಆದೇಶ ಹೊರಡಿಸಿ ಕಳಿಸಿದ್ದರು. ಪುಸ್ತಕದ ಪ್ರಕಾರ ಎತ್ತರದ ದನಿಯವರು ಒಂದು ಕಡೆ, ತಗ್ಗಿನ ದನಿಯವರು ಇನ್ನೊಂದು ಕಡೆ ನಿಲ್ಲಬೇಕು. ಹಾಗೆ ನಿಲ್ಲಿಸಲು ಹೋದಾಗ ಲೆಕ್ಕಪತ್ರ ವಿಭಾಗದ ಸೂಪರಿಂಟೆಂಡೆಂಟರು ಗಂಟಲು ಸರಿಮಾಡಿಕೊಂಡರು.

“ಮೀಟರ್ ಓದೋನ ಪಕ್ಕ ನನ್ನನ್ನ ನಿಲ್ಲಿಸ್ತೀರಾ? ಜ್ಯೇಷ್ಠತಾ ಪಟ್ಟಿ ನೋಡಿದ್ದೀರಾ?”

“ಸಾರ್, ಇಬ್ಬರದೂ ದಪ್ಪ ದನಿ.”

“ನನ್ನದು ದಪ್ಪ ದನಿ ಇರಬಹುದು. ನನ್ನ ದರ್ಜೆ ಬೇರೆ.”

ಮೀಟರ್ ಓದುವವನನ್ನು ನಾವೆಲ್ಲ ಮೀಟರಣ್ಣ ಎನ್ನುತ್ತೇವೆ. ಅವನೂ ಬಿಡಲಿಲ್ಲ. “ಅವರು ಬಾಯಿ ಬಿಡೋಕೆ ಮುಂಚೆ ನಾನು ಬಿಟ್ಟುಬಿಟ್ರೆ ನೋಟಿಸ್ ಕೊಡ್ತಾರಾ? ಅದನ್ನ ಮೊದಲೇ ಬರೆದು ಕೊಡಿ” ಎಂದ. ಒಂದು ಗಂಟೆ ಚರ್ಚೆಯಾಯಿತು. ಕಡೆಗೆ ಜ್ಯೇಷ್ಠತಾ ಪಟ್ಟಿ ತರಿಸಿ ಅದರಂತೆಯೇ ನಿಲ್ಲಿಸಿದೆ. ಹಾಡಿನ ಮೊದಲ ಎರಡು ಸಾಲು ಹಾಡುವ ಹಕ್ಕು ಮುಂದಿನ ಸಾಲಿನ ಮೇಲ್ದರ್ಜೆಯವರಿಗೆ. ಮೂರನೆಯ ಸಾಲಿನಿಂದ ಎಲ್ಲರೂ. ಜಗತ್ತಿನಲ್ಲಿ ಸಂಬಳದ ಶ್ರೇಣಿಯ ಪ್ರಕಾರ ಹಾಡುವ ವೃಂದ ನಮ್ಮದೊಂದೇ ಇರಬೇಕು.

ಎಲ್ಲ ನಿಂತಾದ ಮೇಲೆ ಬಾಗಿಲಲ್ಲಿ ಉಗ್ರಾಣದಕ್ಕ ಕಾಣಿಸಿದರು. ಪೈಪು, ಕೀಲು, ವಾಷರುಗಳ ನಡುವೆ ಮೂವತ್ತನಾಲ್ಕು ವರ್ಷ ಕೂತ ಹೆಂಗಸು. ಬೇಡಿಕೆ ಬರೆದ ಇಂಡೆಂಟ್ ಚೀಟಿ ಇಲ್ಲದೆ ಸ್ವಂತ ತಮ್ಮನಿಗೂ ಒಂದು ಮೊಳೆ ಕೊಟ್ಟವರಲ್ಲ. ಅವರ ಹೆಸರು ಆದೇಶದಲ್ಲಿ ಇರಲಿಲ್ಲ.

“ತಮ್ಮಾ, ನನ್ನನ್ನೂ ಸೇರಿಸ್ಕೋ. ಉದ್ಘಾಟನೆ ದಿನವೇ ನನಗೆ ನಿವೃತ್ತಿ. ಶಾಲೇಲಿದ್ದಾಗ ಹಾಡಿನ ಗುಂಪಲ್ಲಿ ನಿಂತಿದ್ದೆ. ಟೀಚರು ಕಿವಿ ಹತ್ರ ಬಂದು, ‘ನೀನು ಹಾಡಬೇಡ, ತುಟಿ ಮಾತ್ರ ಆಡಿಸು’ ಅಂದ್ರು. ಐವತ್ತು ವರ್ಷ ಆಯ್ತು. ಆವತ್ತಿಂದ ಸ್ನಾನದ ಮನೇಲೂ ಹಾಡಿಲ್ಲ. ಹೋಗೋಕೆ ಮುಂಚೆ ಒಂದೇ ಒಂದು ಸಲ ಬಾಯಿ ತುಂಬ ಹಾಡಬೇಕು.”

ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಆದರೆ ತಗ್ಗಿಸಿದ ತಲೆಯೊಳಗೆ ಒಂದು ದೀಪ ಹತ್ತಿತು. ಆ ಟೀಚರು ಎಂಥ ಜಾಣೆ ಎಂದುಕೊಂಡೆ. ಇದನ್ನು ಇಂದು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಅಂದು ಆಗಲಿಲ್ಲ.

ಹಾಡು ಯಾವುದೆಂದು ಮತ್ತೆರಡು ದಿನ ಜಗಳ. ಜೋಗುಳವಾದರೆ ಅತಿಥಿಗಳು ಮಲಗಿಬಿಡುತ್ತಾರೆ, ಪ್ರೇಮಗೀತೆಯಾದರೆ ಆಡಿಟ್‌ನವರು ಯಾರ ಪ್ರೇಮ ಎಂದು ಕೇಳುತ್ತಾರೆ, ವೀರಗೀತೆಯಾದರೆ ಟೈಪಿಸ್ಟ್ ಅಮ್ಮನವರಿಗೆ ರಕ್ತದೊತ್ತಡ. ಕಿರಿಯ ಇಂಜಿನಿಯರರು ರಜೆ ಹಾಕಿ ತಾವೇ ಒಂದು ಹಾಡು ಬರೆದು ತಂದರು.

ಹರಿಯುತ ಬಾ ನೀ ತಿಳಿನೀರೇ,
ಮನೆಮನೆ ನಲ್ಲಿಗೆ ಇಳಿ ನೀರೇ!
ಒತ್ತಡ ತಗ್ಗಲಿ, ಹೆಚ್ಚಿರಲಿ,
ಕೊಳವೆಯ ಕೀಲು ಗಟ್ಟಿರಲಿ!

ಹೀಗೆ ಎಂಟು ಚರಣ. ಐದನೆಯದರಲ್ಲಿ ಕ್ಲೋರಿನ್ನಿನ ಪ್ರಮಾಣವೂ ಇತ್ತು.

ಹಾಡಿಸಿದೆ. ಆ ಸದ್ದನ್ನು ವರ್ಣಿಸುವುದು ನನ್ನ ಕೈಲಾಗದು. ಪಕ್ಕದ ಕೋಣೆಯಲ್ಲಿ ನೀರಿನ ಬಿಲ್ಲಿನ ತಕರಾರು ತಂದಿದ್ದವರೊಬ್ಬರು, ತಕರಾರು ಹಿಂದಕ್ಕೆ ಪಡೆದು ಮನೆಗೆ ಹೋದರಂತೆ. ಇದು ಕಚೇರಿಯ ಇತಿಹಾಸದಲ್ಲೇ ಮೊದಲು.

ಪುಸ್ತಕದಲ್ಲಿ ಶ್ರುತಿ ತಪ್ಪಿದವರನ್ನು ಪ್ರೀತಿಯಿಂದ ತಿದ್ದಬೇಕೆಂದಿತ್ತು. ನನಗೆ ಪ್ರೀತಿ ಇತ್ತು, ತಿದ್ದಲು ಶ್ರುತಿ ಗೊತ್ತಿರಲಿಲ್ಲ. ಆದ್ದರಿಂದ ಆ ಟೀಚರ ದಾರಿ ಹಿಡಿದೆ. ಮೊದಲು ಮೀಟರಣ್ಣನನ್ನು ಸೈಕಲ್ ಸ್ಟ್ಯಾಂಡಿನ ಹಿಂದೆ ಕರೆದೊಯ್ದೆ.

“ಅಣ್ಣಾ, ನಿನ್ನ ದನಿ ಬಹಳ ದೊಡ್ಡದು. ನೀನು ಹಾಡಿದ್ರೆ ಉಳಿದವರು ಕೇಳಿಸೋದೇ ಇಲ್ಲ, ಪಾಪ. ಆವತ್ತು ಒಂದು ದಿನ ತುಟಿ ಮಾತ್ರ ಆಡಿಸು. ರಿಹರ್ಸಲ್‌ನಲ್ಲಿ ಎಂದಿನ ಹಾಗೆ ಹಾಡು, ಇಲ್ಲದಿದ್ರೆ ಬೇರೆಯವರಿಗೆ ಗುಮಾನಿ ಬರುತ್ತೆ. ಇದು ನಮ್ಮಿಬ್ಬರಲ್ಲೇ ಇರಲಿ.”

“ನಾನೂ ಅದನ್ನೇ ಹೇಳಬೇಕು ಅಂತಿದ್ದೆ” ಎಂದು ಅವನು ಎದೆ ಉಬ್ಬಿಸಿಕೊಂಡು ಹೋದ.

ಎಷ್ಟು ಸಲೀಸು! ಮರುದಿನ ಸೂಪರಿಂಟೆಂಡೆಂಟರಿಗೆ, “ಸಾರ್, ತಮ್ಮ ದರ್ಜೆಯವರು ನಿಜವಾಗಿ ಹಾಡೋದು ಶೋಭೆಯಲ್ಲ” ಎಂದೆ. ಟೈಪಿಸ್ಟ್ ಅಮ್ಮನವರಿಗೆ ರಕ್ತದೊತ್ತಡದ ನೆಪ. ಹಾಡು ಬರೆದ ಇಂಜಿನಿಯರರಿಗೆ, “ಕವಿ ತನ್ನ ಹಾಡು ತಾನೇ ಹಾಡಿಕೊಂಡರೆ ಜನ ಆಡಿಕೊಳ್ತಾರೆ” ಎಂದೆ. ಎಲ್ಲರೂ ಒಪ್ಪಿದರು, ಎಲ್ಲರೂ ಗುಟ್ಟು ಕಾಪಾಡಿದರು. ಆದರೆ ರಿಹರ್ಸಲ್‌ನಲ್ಲಿ ಎಂದಿನಂತೆ ಹಾಡಲು ನಾನೇ ಹೇಳಿದ್ದರಿಂದ ಸದ್ದು ಒಂದಿಷ್ಟೂ ಸುಧಾರಿಸಲಿಲ್ಲ. ಸುಧಾರಿಸದ್ದರಿಂದ ದಿನಕ್ಕೊಬ್ಬರನ್ನು ಸೈಕಲ್ ಸ್ಟ್ಯಾಂಡಿಗೆ ಕರೆಯುತ್ತ ಹೋದೆ. ಒಂದು ಲಕೋಟೆ ಬಂದರೂ ಎರಡು ಪುಸ್ತಕದಲ್ಲಿ ಬರೆದುಕೊಳ್ಳುವವನು ನಾನು. ಇದು ಗುಟ್ಟಿನ ವಿಷಯವೆಂದು ಎಲ್ಲೂ ಬರೆದಿಡಲಿಲ್ಲ. ಹೇಗೂ ಏಳೆಂಟು ಒಳ್ಳೆಯ ದನಿಗಳು ಉಳಿದಿವೆ ಎಂಬ ಧೈರ್ಯ.

ಉಗ್ರಾಣದಕ್ಕನಿಗೆ ಮಾತ್ರ ಹೇಳಿರಲಿಲ್ಲ. ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದುದೇ ಅವರಿಗೆ. ಆಕೆ ಶ್ರುತಿಯ ಮೇಲೂ ಇರುತ್ತಿರಲಿಲ್ಲ, ಕೆಳಗೂ ಇರುತ್ತಿರಲಿಲ್ಲ, ಪಕ್ಕದ ಬೀದಿಯಲ್ಲಿ ಇರುತ್ತಿದ್ದರು. ಆದರೆ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಹಾಡುವಾಗ ಅವರ ಮುಖ ನೋಡಿದರೆ ನನ್ನ ನಾಲಿಗೆ ಏಳುತ್ತಿರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಸಾಹೇಬರು ರಿಹರ್ಸಲ್‌ಗೆ ಬಂದರು. ಮೂರು ಚರಣ ಕೇಳಿ ಕೈ ಎತ್ತಿದರು.

“ಹಿಂದಿನ ಸಾಲಲ್ಲಿ ಯಾರ್ರೀ ಅದು? ಪಂಪು ಗಾಳಿ ಎಳ್ಕೊಂಡ ಹಾಗೆ?”

ಅದೃಷ್ಟಕ್ಕೆ ಹಾಡು ನಿಂತೊಡನೆ ಅಕ್ಕ ಯಾರಿಗೋ ಕೀಲು ಕೊಡಲು ಉಗ್ರಾಣಕ್ಕೆ ಹೊರಟಿದ್ದರು. ಸಾಹೇಬರು ನನ್ನನ್ನು ಪಕ್ಕಕ್ಕೆ ಎಳೆದು, “ನಾಳೆ ಆ ದನಿ ನನ್ನ ಕಿವಿಗೆ ಬೀಳಬಾರದು. ಬಿದ್ರೆ ನಾಡಿದ್ದು ನೀವು ಗುಡ್ಡದ ಮೇಲೆ” ಎಂದರು.

ಉಗ್ರಾಣಕ್ಕೆ ಹೋದೆ. ಅಕ್ಕ ಮೂವತ್ತನಾಲ್ಕು ವರ್ಷದ ಮೇಜನ್ನು ಒರೆಸುತ್ತಿದ್ದರು. ಮೇಜಿನ ಮೇಲೆ ಹೊಸ ಚಪ್ಪಲಿಯ ಡಬ್ಬಿ.

“ಅಕ್ಕಾ, ನಾಳೆ...”

“ನಾಳೆಗೇ ತಮ್ಮಾ ಇದು. ವೇದಿಕೆ ಮೇಲೆ ಹಳೇದು ಹಾಕ್ಕೊಂಡು ನಿಲ್ಲೋಕಾಗುತ್ತಾ? ನನ್ನ ತಂಗಿ, ಅವಳ ಮಕ್ಕಳು, ಎಲ್ಲ ಬರ್ತಿದ್ದಾರೆ. ‘ಹಿಂದಿನ ಸಾಲಲ್ಲಿ ಇರ್ತೀನಿ, ಕಾಣಿಸದೇ ಇದ್ರೂ ದನಿ ಗೊತ್ತಾಗುತ್ತೆ ಬಿಡಿ’ ಅಂದಿದ್ದೀನಿ.”

“ಅಕ್ಕಾ, ಒಂದು ವಿಷಯ...”

“ಏನು ಬೇಕು ಹೇಳು. ಉಗ್ರಾಣದಲ್ಲಿ ಕೂರೋಕೆ ಇವತ್ತೇ ಕಡೇ ದಿನ. ಇಂಡೆಂಟ್ ಇಲ್ಲದೇನೇ ಕೊಡ್ತೀನಿ.”

ಅವರು ಇಂಡೆಂಟ್ ಇಲ್ಲದೆ ಕೊಡುತ್ತೇನೆ ಎಂದದ್ದು ಕೇಳಿ ನನ್ನ ಕಣ್ಣು ತುಂಬಿತು. ಬಾಯಿಗೆ ಬಂದದ್ದು ಕೇಳಿದೆ. ಮನೆಗೆ ಬಂದು ಸಾಹೇಬರ ಮಾತು ತಿಳಿಸಿದಾಗ ಹೆಂಡತಿ, “ಅಕ್ಕನಿಗೆ ಹೇಳಿದ್ರಾ?” ಎಂದಳು.

“ಎರಡು ವಾಷರ್ ಕೊಟ್ರು” ಎಂದೆ.

ಅವಳು ನಗಲಿಲ್ಲ. “ಗುಡ್ಡದ ಮೇಲೆ ಗಾಳಿ ಚೆನ್ನಾಗಿರುತ್ತಂತೆ” ಎಂದು ಒಳಗೆ ಹೋದಳು.

ಮರುದಿನ ವೇದಿಕೆ, ಮೈಕು, ಮುಂದೆ ಮುನ್ನೂರು ಕುರ್ಚಿ. ನಿವೃತ್ತ ಮುಖ್ಯ ಇಂಜಿನಿಯರರು ಕಿವಿಯಲ್ಲಿ ಶ್ರವಣ ಯಂತ್ರ ಇಟ್ಟುಕೊಂಡು ನಡುವೆ ಕೂತಿದ್ದರು. ಪಕ್ಕದಲ್ಲಿ ನಮ್ಮ ಸಾಹೇಬರು. ಮೂರನೆಯ ಸಾಲಿನಲ್ಲಿ ನನ್ನ ಹೆಂಡತಿ, ಅವಳ ಬಳಿ ಕೊಡೆ ಸಮೇತ ಪೋಸ್ಟ್ ಮಾಸ್ತರರು. ಇಪ್ಪತ್ತೆರಡು ಜನ ಸಂಬಳದ ಶ್ರೇಣಿಯ ಪ್ರಕಾರ ನಿಂತರು. ಒಬ್ಬೊಬ್ಬರ ಹುದ್ದೆಯನ್ನೂ, ಅಂದೇ ಅಕ್ಕನ ನಿವೃತ್ತಿ ಎಂಬುದನ್ನೂ ಮೈಕಿನಲ್ಲಿ ಓದಿ ಹೇಳಲಾಯಿತು. ಎಲ್ಲರ ಮುಖದಲ್ಲೂ ಅಪೂರ್ವವಾದ ನೆಮ್ಮದಿ. ನಾನು ಎರಡೂ ಕೈ ಎತ್ತಿ, ತಾಳಕ್ಕೆ ಇಳಿಸಿದೆ.

ಮುಂದಿನ ಸಾಲಿನ ಬಾಯಿಗಳು ಒಟ್ಟಿಗೆ ತೆರೆದವು. ತುಟಿಗಳು ಒಟ್ಟಿಗೆ ಆಡಿದವು. ಸೂಪರಿಂಟೆಂಡೆಂಟರ ಹುಬ್ಬು ಕೂಡ ಭಾವದಿಂದ ಮೇಲೇರಿತು. ಸದ್ದೊಂದು ಮಾತ್ರ ಇರಲಿಲ್ಲ.

ಮೈಕಿನವನು ಜಿಗಿದು ಬಂದು ತಂತಿ ಎಳೆದ, ಮೈಕಿನ ತಲೆಗೆ ಬಡಿದ. ‘ಟಕ್ ಟಕ್’ ಎಂದು ಸಭಾಂಗಣವೆಲ್ಲ ಕೇಳಿತು. “ಮೈಕು ಸರಿಯಾಗೇ ಇದೆ ಸಾರ್!” ಎಂದು ಕೂಗಿದ. ಮುಖ್ಯ ಅತಿಥಿಗಳು ಶ್ರವಣ ಯಂತ್ರ ತೆಗೆದು, ಅಲುಗಿಸಿ, ಊದಿ ಮತ್ತೆ ಇಟ್ಟುಕೊಂಡರು. ಸಾಹೇಬರು ಸೀಟಿನ ತುದಿಗೆ ಬಂದರು. ನನ್ನ ಬಲಗೈ ತಾಳ ಹಾಕುತ್ತಲೇ ಇತ್ತು. ಕಣ್ಣು ಮುಂದಿನ ಸಾಲಿನಿಂದ ನಡುವಿನ ಸಾಲಿಗೆ ಹೋಯಿತು. ಇವರಿಗೆ ಹೇಳಿದ್ದೆ. ಇವರಿಗೂ ಹೇಳಿದ್ದೆ. ಅಯ್ಯೋ, ಇವರಿಗೂ! ಒಬ್ಬರನ್ನೂ ಬಿಡದೆ ಇಪ್ಪತ್ತೊಂದು ಜನರಿಗೂ ಹೇಳಿದ್ದೆ. ತಾಳದ ಮೇಲೆ ತಾಳ ಬಿದ್ದು ಎರಡು ಸಾಲು ಮುಗಿಯಿತು. ಮೂರನೆಯದು ಎಲ್ಲರ ಸಾಲು.

ಹಿಂದಿನಿಂದ ಒಂದೇ ಒಂದು ದನಿ ಎದ್ದಿತು.

“ಒತ್ತಡ ತಗ್ಗಲೀ, ಹೆಚ್ಚಿರಲೀ!”

ಉಗ್ರಾಣದಕ್ಕ ಕಣ್ಣು ಮುಚ್ಚಿ, ಹೊಸ ಚಪ್ಪಲಿಯ ಮೇಲೆ ಗಟ್ಟಿಯಾಗಿ ನಿಂತು, ಬಾಯಿ ತುಂಬ ಹಾಡಿದರು. ಮುಂದಿನ ಸಾಲಿನವರು ಬೆಚ್ಚಿ ಹಿಂದಕ್ಕೆ ತಿರುಗಿದರು. ಸಾಲು ಮುಗಿದಾಗ ಅಕ್ಕನಿಗೆ ಅನುಮಾನ ಬಂತು. ಕಣ್ಣು ಬಿಟ್ಟರು. ಸುತ್ತ ಇಪ್ಪತ್ತೊಂದು ಜನರು ಬಾಯಿ ತೆರೆದು ಮೌನವಾಗಿದ್ದರು. ಆಕೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಐವತ್ತು ವರ್ಷದ ಹಿಂದಿನ ಹುಡುಗಿಯೊಬ್ಬಳು ನಿಂತು, ನಿಲ್ಲಿಸಲಾ ಎಂದು ಕೇಳುತ್ತಿದ್ದಳು.

ಸಾಹೇಬರು ಅತಿಥಿಗಳ ಹಿಂದಿನಿಂದ ಗುಡ್ಡದ ಕಡೆ ಬೆರಳು ತೋರಿಸುತ್ತಿದ್ದರು. ನಾನು ಬಲಗೈಯ ತಾಳ ನಿಲ್ಲಿಸಿದೆ. ಎಡಗೈಯನ್ನು ಅಕ್ಕನ ಕಡೆ ಚಾಚಿ, ಹಾಡಿ ಎಂದು ತಲೆ ಆಡಿಸಿದೆ.

ಅಕ್ಕ ಎಂಟು ಚರಣವನ್ನೂ ಹಾಡಿದರು. ಕ್ಲೋರಿನ್ನಿನ ಪ್ರಮಾಣವನ್ನು ಎರಡು ಸಲ ಹಾಡಿದರು. ಒಂದು ಸ್ವರವೂ ನೆಟ್ಟಗಿರಲಿಲ್ಲ. ಆದರೆ ಅಷ್ಟು ಸಂತೋಷವಾಗಿ ಯಾರಾದರೂ ಹಾಡಿದ್ದನ್ನು ನಾನು ರೇಡಿಯೋದಲ್ಲೂ ಕೇಳಿಲ್ಲ. ಮುಗಿದಾಗ ಮುಖ್ಯ ಅತಿಥಿಗಳು ಕೋಲೂರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ನಲವತ್ತು ವರ್ಷ ಸರ್ವೀಸು ಮಾಡಿದ್ದೀನಿ” ಎಂದರು ಮೈಕಿನಲ್ಲಿ. “ನಿವೃತ್ತಿಯಾಗೋ ಉಗ್ರಾಣದ ಹೆಣ್ಣುಮಗಳೊಬ್ಬಳ ದನಿ ಕೇಳಲಿ ಅಂತ ಸೂಪರಿಂಟೆಂಡೆಂಟು, ಇಂಜಿನಿಯರು ಎಲ್ಲ ಬಾಯಿ ಮುಚ್ಕೊಂಡು ನಿಂತಿದ್ದನ್ನ ಎಲ್ಲೂ ನೋಡಿಲ್ಲ. ಇದು ಯಾರ ಯೋಚನೆ?”

“ನನ್ನದೇ ಸಾರ್” ಎಂದರು ನಮ್ಮ ಸಾಹೇಬರು, ಬೆರಳನ್ನು ಜೇಬಿಗೆ ಸೇರಿಸುತ್ತ.

ನನಗೆ ಆ ಚಪ್ಪಾಳೆ ಅನುಭವಿಸುವ ಪುಣ್ಯ ಇರಲಿಲ್ಲ. ವೇದಿಕೆಯ ಹಿಂದೆ ಇಪ್ಪತ್ತೊಂದು ಜನ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು.

“ನನಗೊಬ್ಬನಿಗೇ ಅಂದಿದ್ರಿ!” ಎಂದ ಮೀಟರಣ್ಣ.

“ನಿನಗೂ ಹೇಳಿದ್ರಾ?” ಎಂದರು ಸೂಪರಿಂಟೆಂಡೆಂಟರು.

“ನಿಮಗೂನಾ?” ಎಂದರು ಟೈಪಿಸ್ಟ್ ಅಮ್ಮನವರು.

“ಎಲ್ಲರಿಗೂ ತುಟಿ ಆಡಿಸಿ ಅಂದು, ಹಾಡೋಕೆ ಯಾರನ್ನ ಇಟ್ಕೊಂಡಿದ್ರಿ ಮಹಾಶಯರೇ?” ಎಂದು ಸೂಪರಿಂಟೆಂಡೆಂಟರು ಅಂಗಿಯ ತೋಳು ಮಡಚತೊಡಗಿದರು. ದರ್ಜೆಯ ಭೇದವಿಲ್ಲದೆ ಮೀಟರಣ್ಣನೂ ಅವರ ಪಕ್ಕದಲ್ಲೇ ನಿಂತು ಮಡಚಿದ.

ಅಷ್ಟರಲ್ಲಿ ಅಕ್ಕ ಬಂದರು. ಕೆನ್ನೆ ಒದ್ದೆಯಾಗಿತ್ತು. ತಂಗಿಯ ಮಕ್ಕಳು ಕೈ ಹಿಡಿದುಕೊಂಡಿದ್ದರು. ಆಕೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

“ಆ ದೊಡ್ಡವರು ಹೇಳಿದ್ದು ನಿಜಾನಾ? ನಾನು ಹಾಡಲಿ ಅಂತಾನೇ ನೀವೆಲ್ಲ ಸುಮ್ಮನಿದ್ರಾ?”

ನಾನು ಬಾಯಿ ತೆರೆದೆ. ತುಟಿ ಆಡಿತು, ದನಿ ಬರಲಿಲ್ಲ. ಸೂಪರಿಂಟೆಂಡೆಂಟರು ನನ್ನನ್ನೊಮ್ಮೆ ನೋಡಿದರು, ಅಕ್ಕನನ್ನೊಮ್ಮೆ ನೋಡಿದರು, ತೋಳನ್ನು ಮೆಲ್ಲಗೆ ಕೆಳಗಿಳಿಸಿದರು.

“ಹೌದು ಅಕ್ಕಾ” ಎಂದರು ಇಪ್ಪತ್ತೊಂದು ಜನ.

ಯಾರೂ ಕೈ ಎತ್ತಿರಲಿಲ್ಲ, ಯಾರೂ ಮೊದಲು ಶುರುಮಾಡಲಿಲ್ಲ, ಯಾರೂ ಹಿಂದುಳಿಯಲಿಲ್ಲ. ಆರು ವಾರದಲ್ಲಿ ನಮ್ಮ ವೃಂದ ಒಂದೇ ಶ್ರುತಿಯಲ್ಲಿ ದನಿ ತೆಗೆದದ್ದು ಅದೊಂದೇ ಸಲ.